ನೂರು ಮಳೆಯಲ್ಲಿ ಏಳು ಮಳೆ

ನಿಂಗಮ್ಮಕ್ಕ, ನಿನ್ನ ಗಂಡನಿಗೆ ನಾನು ಸುಳ್ಳು ಹೇಳಿದೆ. ಲೆಕ್ಕ ತಪ್ಪಿತ್ತು ಅಂತಲ್ಲ — ಲೆಕ್ಕ ಸರಿಯಾಗಿಯೇ ಇತ್ತು. ಅದು ತೋರಿಸಿದ್ದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಆರು ವರ್ಷದಿಂದ ಇದನ್ನು ಗಂಟಲಲ್ಲಿಟ್ಟುಕೊಂಡೇ ನಿನ್ನ ಜಗಲಿಯ ಮೇಲೆ ಕೂತು ಕಾಫಿ ಕುಡಿದಿದ್ದೇನೆ.

ಆ ವರ್ಷ ನಮ್ಮೂರ ಕೆರೆ ತುಂಬಿತ್ತು. ಕೋಡಿಯಲ್ಲಿ ಹರಿದು ಹೋಗುವ ನೀರು ದಂಡ ಅಂತ ಕೋಡಿಯ ಮೇಲೆ ಮರಳಿನ ಮೂಟೆ ಪೇರಿಸಿ ತಡೆಯುವುದು ನಮ್ಮವರ ಹಳೆಯ ಚಾಳಿ. ಎರಡು ಅಡಿ ನೀರು ಹೆಚ್ಚು ನಿಂತರೆ ಹಿಪ್ಪುನೇರಳೆ ತೋಟಗಳು ಬೇಸಿಗೆ ದಾಟುತ್ತವೆ. ಅವುಗಳಲ್ಲಿ ದೊಡ್ಡ ತೋಟ ನಮ್ಮಪ್ಪನದು. ಮೂಟೆ ಇಟ್ಟರೆ ಏನಾದೀತು ನೋಡು ಅಂತ ಊರವರು ನನಗೇ ವಹಿಸಿದರು. ರಾಮನಗರದ ಕಾಲೇಜಿನಲ್ಲಿ ನೀರಿನ ಲೆಕ್ಕ ಕಲಿಸುವವಳಲ್ಲವೇ ನಾನು.

ನೋಡಿದೆ. ಕೆರೆ, ಕೋಡಿ, ಕೆಳಬೀದಿ ಎಲ್ಲವನ್ನೂ ಕಂಪ್ಯೂಟರಿನೊಳಗೆ ಕಟ್ಟಿ ನೂರು ಬಗೆಯ ಮಳೆ ಸುರಿಸಿದೆ. ನಾಳೆ ಇಂಥದ್ದೇ ಆಗುತ್ತದೆ ಅಂತ ಅದು ಹೇಳುವುದಿಲ್ಲ; ಏನೇನು ಆಗಬಹುದು, ಎಷ್ಟು ಸಲ ಆಗಬಹುದು ಅಂತ ಹೇಳುತ್ತದೆ. ಅದರಿಂದ ಉಪಯೋಗ ಅಂತಿದ್ದರೆ ಅಷ್ಟೇ. ತೊಂಬತ್ಮೂರು ಸಲ ಏನೂ ಆಗಲಿಲ್ಲ. ಏಳು ಸಲ ನೀರು ಕೆಳಬೀದಿಗೆ ನುಗ್ಗಿತು, ಪ್ರತಿ ಸಲವೂ ಮೊದಲು ಮುಳುಗಿದ್ದು ನಿಮ್ಮ ಮನೆ. ಮೂಟೆ ತೆಗೆದು ನೋಡಿದರೆ ಒಂದು ಸಲವೂ ನುಗ್ಗಲಿಲ್ಲ — ಅದೂ ನನಗೆ ಗೊತ್ತಿತ್ತು.

ನನ್ನ ಲೆಕ್ಕಕ್ಕೆ ಕಾಯದೆ ಊರವರು ಮೂಟೆ ಪೇರಿಸಿಯಾಗಿತ್ತು. ಆಗ ಕೆಂಪಯ್ಯಣ್ಣ ನಮ್ಮ ಬಾಗಿಲಿಗೇ ಬಂದ. ನಿಮ್ಮ ಮನೆ ತುಂಬ ಆಗ ರೇಷ್ಮೆಹುಳು, ಗೂಡು ಕಟ್ಟಲು ಇನ್ನೊಂದು ವಾರ.

"ಹುಳ ಪೊರೆ ಬುಟ್ಟು ನಾಲ್ಕನೇ ಜ್ವರ ಎದ್ದವೆ ಕಣವ್ವ. ಈಗ ದಿಣ್ಣೆ ಮ್ಯಾಲಿನ ಸ್ಕೂಲಿಗೆ ಸಾಗ್ಸಿದ್ರೆ ಒಸಿ ಸಾಯ್ತವೆ. ಸಾಗಿಸ್ದೆ ನೀರು ಬಂದ್ಬುಟ್ರೆ ಎಲ್ಲಾ ಹೋಯ್ತವೆ. ಆಟೋಗೆ ಹೇಳಿವ್ನಿ. ನೀನ್ ಲೆಕ್ಕ ಹಾಕಿದ್ದೀಯಲ್ಲ, ಏನ್ ಮಾಡ್ಲಿ ಯೋಳು."

ಒಳಗೆ ಅಪ್ಪ ಕೆಮ್ಮಿದರು. ಬೇಕೆಂದೇ ಕೆಮ್ಮಿದರೋ, ಸುಮ್ಮನೆಯೋ — ಅದನ್ನು ಅವರ ತಲೆಗೆ ಕಟ್ಟಲಾರೆ. ನಿಜ ಹೇಳಿದರೆ ಮೂಟೆ ತೆಗೆಸುತ್ತಾರೆ, ಆಮೇಲೆ ಮಳೆ ಬಾರದಿದ್ದರೆ ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆ, ತೋಟ ಒಣಗಿದರೆ ಅಪ್ಪ — ಮತ್ತೆ ನೂರರಲ್ಲಿ ಏಳು ಯಾವ ಮಹಾ ಅಂತ —

"ಏನೂ ಆಗಲ್ಲ ಕಣಣ್ಣ. ಹುಳ ಅಲ್ಲೇ ಇರ್ಲಿ" ಅಂದೆ.

ಅಣ್ಣನ ಮುಖ ಹಗುರಾಯಿತು. ನಿಂತಲ್ಲಿಂದಲೇ ಫೋನ್ ಮಾಡಿ ಆಟೋ ಬೇಡವೆಂದ.

ನಾಲ್ಕನೇ ದಿನ ಮಧ್ಯಾಹ್ನ ನೀರು ಬಂತು. ನೀವೆಲ್ಲ ದಿಣ್ಣೆ ಹತ್ತಿದ್ದಿರಿ. ಅಣ್ಣ ಹುಳುವಿನ ತಟ್ಟೆ ತರಲೆಂದು ವಾಪಸು ಹೋದ, ಮಣ್ಣಿನ ಗೋಡೆ ಅವನ ಮೇಲೆ ಕುಸಿಯಿತು.

ತಿಥಿಯ ದಿನ ನೀನು ನನ್ನ ಕೈ ಹಿಡಿದುಕೊಂಡು ಅಂದೆ: "ನೀನಾದ್ರೂ ಏನ್ ಮಾಡೀಯೆ ಬುಡವ್ವ. ದ್ಯಾವ್ರ ಮನ್ಸಲ್ಲಿರೋದು ಕಂಪ್ಯೂಟ್ರಿಗೆ ಗೊತ್ತಾದದಾ?"

ಗೊತ್ತಿತ್ತು ಅಕ್ಕ. ಅಂದು ನೀನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗಲೂ ತರಗತಿಯಲ್ಲಿ ಯಾವ ಊರಿನ ಕೆರೆ ಹಾಕಿ ತೋರಿಸಿದರೂ, ಪರದೆಯ ಮೇಲೆ ನೀಲಿ ಬಣ್ಣ ಮನೆಗಳ ಕಡೆ ಸರಿಯತೊಡಗಿದರೆ ಸಾಕು, ಅಲ್ಲೊಬ್ಬ ತಟ್ಟೆ ಹಿಡಿದು ನಿಂತಿದ್ದಾನೆ ಅನ್ನಿಸುತ್ತದೆ. ಮಕ್ಕಳ ಮುಂದೆಯೇ ಪರದೆ ಆರಿಸಿಬಿಡುತ್ತೇನೆ. ಹೆದರಿಕೆಯಾಗುತ್ತದೆ.

ಈ ವರ್ಷ ಮತ್ತೆ ಮೂಟೆ ಪೇರಿಸುವ ಮಾತು ನಡೆದಿದೆ. ಭಾನುವಾರ ಸಭೆ, ಮತ್ತೆ ನನ್ನನ್ನೇ ಕೇಳಿದ್ದಾರೆ. ಈ ಸಲದ ಲೆಕ್ಕಕ್ಕೆ ಮೊದಲು ಅಂದು ಮುಚ್ಚಿಟ್ಟಿದ್ದನ್ನು ಅಪ್ಪನೂ ಕೂತಿರುವಾಗಲೇ ಹೇಳುತ್ತೇನೆ. ಆದರೆ ಊರಿಗಿಂತ ಮೊದಲು ನಿನಗೆ ಗೊತ್ತಾಗಬೇಕು. ಶನಿವಾರ ನಿನ್ನ ಮನೆಗೆ ಬರುತ್ತೇನೆ; ಎದುರಿಗೆ ತಡವರಿಸಬಾರದೆಂದು ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಕ್ಷಮೆ ಕೇಳುವುದಿಲ್ಲ. ಅಣ್ಣ ನನ್ನನ್ನು ಮಳೆ ಬರುತ್ತದಾ ಅಂತ ಕೇಳಿರಲಿಲ್ಲ, ಏನು ಮಾಡಲಿ ಅಂತ ಕೇಳಿದ್ದ. ಏಳು ಸಲ ಮುಳುಗಿತು ಅಂದಿದ್ದರೆ ಸಾಕಿತ್ತು, ಹುಳ ಸಾಗಿಸುತ್ತಿದ್ದ. ಸಾಗಿಸಲು ತಯಾರಾಗಿಯೇ ಬಂದಿದ್ದ.