ಆಷಾಢದ ಮಾರ್ನಿಂಗ್ ಶೋ

ಯುದ್ಧದ ಸಿನಿಮಾ ಎಂದರೆ ನನಗೆ ಈಗಲೂ ಆಗದು. ಆದರೆ ಮದುವೆಯಾದ ಮೇಲೆ ಗಂಡನ ಜೊತೆ ನೋಡಿದ ಮೊದಲ ಸಿನಿಮಾ ಯುದ್ಧದ್ದೇ. ಅದೂ ಇಟಲಿ ಭಾಷೆಯದು, ಆ ದೇಶವನ್ನು ಇಪ್ಪತ್ತು ವರ್ಷ ತನಗೆ ಬೇಕಾದಂತೆ ಕುಣಿಸಿದ ಸರ್ವಾಧಿಕಾರಿಯ ಕಥೆ. ಇಷ್ಟಪಟ್ಟು ಹೋದದ್ದಲ್ಲ. ಅಲ್ಲಿಗೆ ನಮ್ಮ ಕಡೆಯ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಹೋದದ್ದು.

ಎಪ್ಪತ್ತರ ದಶಕದ ಕೊನೆ. ವೈಶಾಖದಲ್ಲಿ ಮದುವೆಯಾಗಿ ಗುಬ್ಬಿಯಿಂದ ಕುಣಿಗಲ್ಲಿಗೆ ಬಂದಿದ್ದೆ. ಹೊಸ ಮನೆ ಒಗ್ಗುವಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು, ಗಂಡ ಹೆಂಡತಿ ಮುಖ ನೋಡಬಾರದು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಇದರಲ್ಲಿ ಒಂದಿಷ್ಟೂ ಸಡಿಲ ಬಿಡದವರು ನಮ್ಮ ಮಾವ. ಒಂದು ದಿನ ತಡವಾದರೇನು ಎಂದು ಅತ್ತೆ ಅಂದರೂ ಕೇಳದೆ, ಅಮಾವಾಸ್ಯೆಯ ಹಿಂದಿನ ದಿನವೇ ಟ್ರಂಕಿನ ಸಮೇತ ನನ್ನನ್ನು ಗುಬ್ಬಿಗೆ ತಂದು ಬಿಟ್ಟರು. ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಮಿಲಿಟರಿ ಲಾರಿ ಓಡಿಸಿದ್ದವರು. ಮನೆಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಆದರೆ ಯುದ್ಧದ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಿಲಿಟರಿ ಎಂದರೆ ಸಾಕು, ಅಮ್ಮ ಎದ್ದು ಒಳಗೆ ಹೋಗುತ್ತಾಳೆ, ಅದಕ್ಕೇ ಅಪ್ಪ ಆ ಮಾತು ಎತ್ತುವುದಿಲ್ಲ ಎಂದು ನನ್ನ ಗಂಡ ಹೇಳಿದ್ದರು.

ತವರುಮನೆ ಸ್ವರ್ಗ ಎನ್ನುತ್ತಾರೆ. ನನಗೆ ಆ ಸಲ ಹತ್ತನೇ ದಿನಕ್ಕೇ ಸಾಕಾಯಿತು. ಸುಳ್ಳು ಯಾಕೆ ಹೇಳಲಿ, ಇವರನ್ನು ನೋಡಬೇಕು ಅನ್ನಿಸುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಇವರಿಗೂ ಅದೇ ಕಾಯಿಲೆ. ಒಂದು ದಿನ ಕಾಗದ ಬಂತು. ತುಮಕೂರಿನ ಲೆಕ್ಚರರುಗಳು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಇಟಲಿ ಸಿನಿಮಾ ಒಂದನ್ನು ತೋರಿಸುತ್ತಾರೆ, ಯಾರು ಬೇಕಾದರೂ ಹೋಗಬಹುದು. ಕನ್ನಡ ಸಿನಿಮಾಕ್ಕೆ ಹೋದರೆ ನೆಂಟರು ಸಿಕ್ಕೇ ಸಿಗುತ್ತಾರೆ, ಇದಕ್ಕೆ ಯಾರು ಬರುತ್ತಾರೆ ಎಂದು ಬರೆದಿದ್ದರು. ಮನೆಯ ಪೇಪರಿನಲ್ಲಿ ಒಂದು ಮೂಲೆಯನ್ನು ಯಾರೋ ಕತ್ತರಿಸಿಕೊಂಡಿದ್ದರು, ಏನಿತ್ತೋ ಎಂದು ಆಫೀಸಿನ ಪೇಪರಿನಲ್ಲಿ ನೋಡಿದರೆ ಈ ಸುದ್ದಿ ಎಂದೂ ಬರೆದಿದ್ದರು. ಕತ್ತರಿಸಿದವರು ಯಾರು ಎಂದು ಯೋಚಿಸುವ ಬುದ್ಧಿ ಮಾತ್ರ ನಮ್ಮಿಬ್ಬರಿಗೂ ಬರಲಿಲ್ಲ.

ಆಷಾಢದಲ್ಲಿ ಸುಳ್ಳು ಹೇಳುವುದೂ ಕಷ್ಟ. ಮದುವೆ, ನಾಮಕರಣ, ಗೃಹಪ್ರವೇಶ ಒಂದೂ ಇರುವುದಿಲ್ಲ. ಕೊನೆಗೆ ತುಮಕೂರಿನ ಗೆಳತಿಗೆ ಹುಷಾರಿಲ್ಲ ಎಂದು ಅಮ್ಮನಿಗೆ ಹೇಳಿ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನೋಡಿಯಾರೆಂದು ಶಿರಾ ಗೇಟಿನ ಹತ್ತಿರ ಸೇರಿದೆವು. ಇವರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಪರೀಕ್ಷೆಗೆ ಬಂದವರ ಹಾಗೆ ನಿಂತಿದ್ದರು. ಸಿಕ್ಕಿಬಿದ್ದರೆ ಏನು ಗತಿ ಎಂದು ಕೇಳಿದೆ. ಅತ್ತೆಮನೆಗೆ ಕಾಲಿಟ್ಟು ಎರಡು ತಿಂಗಳು ತುಂಬಿಲ್ಲ, ಒಂದು ತಿಂಗಳು ತಡೆಯಲಾರದ ಸೊಸೆ ಎಂಬ ಹೆಸರು ಬಂದರೆ ಜನ್ಮಪೂರ್ತಿ ಅಳಿಸುವುದಿಲ್ಲ. ಗಂಡಸರಿಗೇನು, ಜನ ಆಡಿಕೊಳ್ಳುವುದು ಹೆಂಗಸನ್ನೇ. ಇವರು ಸುಮ್ಮನೆ ನಕ್ಕರು. ಆ ನಗು ನೋಡಿ ಮೈಯೆಲ್ಲ ಉರಿಯಿತು, ಆದರೂ ಜೊತೆಗೆ ನಡೆದೆ.

ನಾವು ಒಳಗೆ ಹೋಗುವಾಗ ದೀಪ ಆರಿತ್ತು. ಟಾಕೀಸಿನಲ್ಲಿ ಇಪ್ಪತ್ತು ಜನ ಇದ್ದರೆ ಹೆಚ್ಚು. ಪರದೆಯ ಮೇಲೆ ಬೋಳುತಲೆಯ ಸರ್ವಾಧಿಕಾರಿ ಮಹಡಿಯಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಗದ್ದ ಮೇಲೆತ್ತಿ ಕೂಗುತ್ತಿದ್ದ. ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ನಾನು ಒಂದು ಸಾಲು ಓದುವಷ್ಟರಲ್ಲಿ ಮೂರು ಸಾಲು ಹೋಗಿರುತ್ತಿದ್ದವು. ಓದುವುದನ್ನೇ ಬಿಟ್ಟೆ. ಇವರು ಕೈ ಹಿಡಿದುಕೊಂಡರು. ಅವನು ಕೂಗಿದರೆ ಕೂಗಿಕೊಳ್ಳಲಿ ಎಂದು ಹಾಯಾಗಿ ಕೂತೆ. ಟ್ಯಾಂಕು ಬಂದವು, ಬಾಂಬು ಬಿದ್ದವು, ಊರು ಉರಿದವು. ಅಷ್ಟು ಸುಖವಾಗಿ ಯುದ್ಧ ನೋಡಿದವರು ಇನ್ನೊಬ್ಬರಿಲ್ಲ.

ಆಮೇಲೆ ಒಂದು ದೃಶ್ಯ ಬಂತು. ಸರ್ವಾಧಿಕಾರಿಯ ಸೈನಿಕರಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಹಳ್ಳಿಯ ಕೊಟ್ಟಿಗೆಯಲ್ಲಿ ಅಡಗಿದ್ದಾನೆ. ತಲೆಗೆ ಬಟ್ಟೆ ಕಟ್ಟಿದ ರೈತ ಹೆಂಗಸೊಬ್ಬಳು ಬ್ರೆಡ್ಡು ಹಿಡಿದು ಬಾಗಿಲಲ್ಲಿ ನಿಂತು ಮೆಲ್ಲಗೆ ಏನೋ ಕೇಳಿದಳು. ಕೈದಿ ಬಾಯಿ ತೆರೆಯುವ ಮೊದಲೇ, ನಮಗಿಂತ ಮೂರು ಸಾಲು ಮುಂದೆ ಕೂತಿದ್ದ ಒಬ್ಬರು ಅದೇ ಭಾಷೆಯಲ್ಲಿ ಅವಳಿಗೆ ಉತ್ತರ ಕೊಟ್ಟರು. ಮನೆಯಲ್ಲಿ ಊಟಕ್ಕೆ ಕರೆದಾಗ ಬಂದೆ ಅನ್ನುತ್ತೇವಲ್ಲ, ಹಾಗೆ. ಲೆಕ್ಚರರುಗಳೆಲ್ಲ ತಿರುಗಿ ನೋಡಿದರು. ಇವರು ಥಟ್ಟನೆ ನನ್ನ ಕೈ ಬಿಟ್ಟರು.

“ಅಪ್ಪ ಕಣೇ” ಎಂದರು.

ಇಂಟರ್‌ವಲ್ಲಿಗೆ ದೀಪ ಹತ್ತಿದ ಕೂಡಲೇ ಇವರು ಕಳೆದೇ ಇರದ ಚಪ್ಪಲಿ ಹುಡುಕುತ್ತ ಸೀಟಿನ ಕೆಳಗೆ ಬಗ್ಗಿದರು. ನಾನು ಸೆರಗನ್ನು ಹಣೆಯ ತನಕ ಎಳೆದುಕೊಂಡೆ. ಮಾವ ಎದ್ದರು. ಕಂದು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡು ತಿರುಗಿದವರು ನನ್ನನ್ನು ನೋಡಿದರು. ಪಕ್ಕದಲ್ಲಿ ಗುಡ್ಡದ ಹಾಗೆ ಕಾಣುತ್ತಿದ್ದ ಮಗನ ಬೆನ್ನನ್ನೂ ನೋಡಿದರು. ಹಾಗೇ ಹೊರಗೆ ಹೋದರು. ಓಡಿಹೋಗೋಣ ಎಂದು ಇವರು, ನೋಡಿಯಾದ ಮೇಲೆ ಓಡಿ ಏನು ಬಂತು ಎಂದು ನಾನು. ಪಿಸುಮಾತಿನ ಜಗಳ ಮುಗಿಯುವ ಮೊದಲೇ ಮಾವ ವಾಪಸು ಬಂದರು. ಕೈಯಲ್ಲಿ ಹುರಿದ ಕಡಲೆಕಾಯಿಯ ಮೂರು ಪೊಟ್ಟಣಗಳಿದ್ದವು. ಎರಡನ್ನು ನನ್ನ ಮಡಿಲಿಗೆ ಹಾಕಿ ತಮ್ಮ ಜಾಗಕ್ಕೆ ಹೋಗಿ ಕೂತರು.

ಉಳಿದರ್ಧದಲ್ಲಿ ಸರ್ವಾಧಿಕಾರಿ ಸೋತ, ಸಿಕ್ಕಿಬಿದ್ದ, ಸತ್ತ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆನಾದರೂ ನನ್ನ ಕಣ್ಣೆಲ್ಲ ಆ ಮಫ್ಲರಿನ ಮೇಲೇ ಇತ್ತು.

ಹೊರಗೆ ಬಂದ ಮೇಲೆ ಮಾವ ಗೋಡೆಯ ಪಕ್ಕ ನಿಂತು, ನಮ್ಮನ್ನು ನೋಡದೆ, ಮಗನಿಗೂ ಹೇಳಿರದ ಸಂಗತಿ ಹೇಳಿದರು. ಆಫ್ರಿಕಾದ ಮರಳುಗಾಡಿನಲ್ಲಿ ಲಾರಿಯ ಸಮೇತ ಸೆರೆ ಸಿಕ್ಕಿದ್ದರಂತೆ. ಇಟಲಿಗೆ ಒಯ್ದು ಕ್ಯಾಂಪಿನಲ್ಲಿ ಕೂಡಿಹಾಕಿದರು. ಸರ್ವಾಧಿಕಾರಿ ಬಿದ್ದು ಕಾವಲಿನವರು ಓಡಿಹೋದಾಗ ಮಾವನೂ ಹೊರಬಿದ್ದು ಬೆಟ್ಟದ ಊರೊಂದನ್ನು ಸೇರಿದರು. ಅಲ್ಲೊಬ್ಬ ರೈತ ಹೆಂಗಸು ಜರ್ಮನ್ ಸೈನಿಕರ ಕಣ್ಣಿಗೆ ಬೀಳದಂತೆ ಏಳು ತಿಂಗಳು ತನ್ನ ಕೊಟ್ಟಿಗೆಯಲ್ಲಿ ಬಚ್ಚಿಟ್ಟು, ಮಕ್ಕಳ ಪಾಲಿನ ಬ್ರೆಡ್ಡು ಮುರಿದು ಕೊಟ್ಟಳು. ದಿನಾ ಸಂಜೆ ಬಾಗಿಲಲ್ಲಿ ನಿಂತು ಹಸಿವಾಯಿತೇ ಎಂದು ಕೇಳುತ್ತಿದ್ದಳು. ಇವತ್ತು ಅದೇ ಮಾತು ಕಿವಿಗೆ ಬಿದ್ದಾಗ ಬಾಯಿ ತಾನೇ ಉತ್ತರ ಕೊಟ್ಟಿತು. ಅತ್ತ ಕುಣಿಗಲ್ಲಿಗೆ, ಕಾಣೆಯಾಗಿದ್ದಾನೆ ಎಂದು ತಂತಿ ಬಂದಿತ್ತಂತೆ. ಮದುವೆಯಾಗಿ ವರ್ಷಕ್ಕೇ ಗಂಡನನ್ನು ಕಳಿಸಿಕೊಟ್ಟಿದ್ದ ಅತ್ತೆಯ ಕುಂಕುಮ ಅಳಿಸಲು ಮನೆಯವರು ಹೊರಟರೆ, ಅತ್ತೆ ಬಗ್ಗಲಿಲ್ಲ. ಮಿಲಿಟರಿ ಎಂದರೆ ಅವರು ಎದ್ದು ಹೋಗುವುದು ಯಾಕೆಂದು ನನಗೆ ಆಗ ತಿಳಿಯಿತು.

ಮಾವ ಈಗ ನನ್ನ ಕಡೆ ತಿರುಗಿದರು.

“ನಿಮ್ಮತ್ತೆ ಐದು ವರ್ಷ ಕಾದವ್ಳೆ ಕಣವ್ವ. ನಿಮ್ಗೆ ಒಂದು ತಿಂಗ್ಳು ಆಗ್ಲಿಲ್ವಾ?”

ತಲೆ ತಗ್ಗಿಸಿದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

“ಹೋಗ್ಲಿ ಬುಡು” ಎಂದರು. “ನಾನು ಯಡಿಯೂರು ಗುಡಿಗೆ ಹೋಯ್ತೀನಿ ಅಂತ ಹೇಳ್ಬುಟ್ಟು ಬಂದಿದೀನಿ. ಯಡಿಯೂರಲ್ಲಿರೋನು ತುಮಕೂರಲ್ಲಿ ಯಾರನ್ನ ನೋಡಕ್ಕಾಯ್ತದೆ?”

ಮೂರು ಗಂಟೆಯ ಗುಬ್ಬಿ ಬಸ್ಸಿಗೆ ನನ್ನನ್ನು ಹತ್ತಿಸುವಂತೆ ಮಗನಿಗೆ ಹೇಳಿ ಹೊರಟರು. ಆಗಿನ್ನೂ ಒಂದೂವರೆ ಆಗಿತ್ತು. ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತ, ಮಾವ ಸೊಸೆ ಒಂದೇ ಟಾಕೀಸಿನ ಹೊಸಿಲು ದಾಟಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಇವರು ಹೇಳಿದರು. ಆಗ ನನಗೂ ನಗು ಬಂತು.

ಶ್ರಾವಣದಲ್ಲಿ ಕುಣಿಗಲ್ಲಿಗೆ ಹೋದೆ. ಮೂರು ದಿನ ಯಾರೂ ಏನೂ ಅನ್ನಲಿಲ್ಲ, ಬದುಕಿದೆ ಎಂದುಕೊಂಡೆ. ನಾಲ್ಕನೇ ದಿನ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ತಲೆ ಎತ್ತದೆ ಮಾತು ತೆಗೆದರು. ಯಡಿಯೂರಿಗೆ ಹೋದವರು ಪ್ರಸಾದ ತರಲಿಲ್ಲ, ಮಫ್ಲರಿನಲ್ಲಿ ಕಡಲೆಕಾಯಿ ಸಿಪ್ಪೆ ತಂದಿದ್ದರು. ಕೇಳಿದ್ದೇ ತಡ ಮಾವ ಎಲ್ಲ ಒಪ್ಪಿಸಿದರಂತೆ, ಅವರಿಗೆ ಸುಳ್ಳು ದಕ್ಕುವುದಿಲ್ಲ ಎಂದರು. ಎಲ್ಲ ಎಂದರೆ ನಮ್ಮಿಬ್ಬರ ವಿಷಯವೂ ಸೇರಿತು. ಬೈಗುಳಕ್ಕೆ ಕಾದು ನಿಂತೆ.

ಅತ್ತೆ ಮೊರ ಕೆಳಗಿಟ್ಟರು.

“ಆ ಯಮ್ಮ ನೋಡಕ್ಕೆ ಹೆಂಗಿದ್ಲವ್ವ?”

ಸಿನಿಮಾದವಳೇ ಬೇರೆ, ಮಾವನನ್ನು ಉಳಿಸಿದವಳೇ ಬೇರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತಲೆಗೆ ಬಟ್ಟೆ ಕಟ್ಟಿದ್ದಳು, ನಿಮ್ಮ ಹಾಗೆಯೇ ದುಡಿದ ಕೈ, ಮುಖದಲ್ಲಿ ನಗು ಕಡಿಮೆ, ಕೊಟ್ಟ ಬ್ರೆಡ್ಡು ಮಾತ್ರ ದೊಡ್ಡದಿತ್ತು ಎಂದೆ. ದೊಡ್ಡದಿತ್ತಾ ಎಂದು ಮತ್ತೊಮ್ಮೆ ಕೇಳಿದರು. ಹೌದು ಎಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊರ ಎತ್ತಿಕೊಂಡು, ಸ್ವಲ್ಪ ಹೊತ್ತು ರಾಗಿ ಕೇರಿದರು.

“ಆ ಪಿಚ್ಚರ್ರು ಇನ್ನೊಂದ್ಸಲ ಬಂದ್ರೆ ನನ್ನೂ ಕರ್ಕೊಂಡೋಗು” ಎಂದರು. “ಆಷಾಢ ಆದ್ರೂ ಆಯ್ತು.”