ಕಮಾನಿನ ಕೆಳಗೆ ಮುರುಗೆಪ್ಪ ಡಾಕ್ಟರು

ಪುಣೆಯ ಪಕ್ಕದ ಭೋಸರಿಯ ಕಾರ್ಖಾನೆಗಳಲ್ಲಿ ಕೈ ಜಜ್ಜಿಸಿಕೊಂಡವರೆಲ್ಲ ಮೊದಲು ಓಡಿ ಬರುತ್ತಿದ್ದುದು ಡಾಕ್ಟರ್ ಮುರುಗೆಪ್ಪನವರ ಬಳಿಗೆ. ಸೀಳಿದ ಅಂಗೈಯಾಗಲಿ, ಜೋಲುವ ಬೆರಳಾಗಲಿ, ಅವರು ಅವಸರದಿಂದ ಹೊಲಿದವರಲ್ಲ. ಇಂಡಿ ಎಂಬ ಊರಿನಿಂದ ಪುಣೆಗೆ ಬಂದ ಗುಮಾಸ್ತರೊಬ್ಬರ ಮಗ. ಊಟಕ್ಕೆ ಕುಳಿತಾಗ ಹೆಂಡತಿ ಕಾಶವ್ವನವರಿಗೆ ಒಂದೇ ಮಾತನ್ನು ಎಷ್ಟೋ ಸಲ ಹೇಳಿದ್ದರು.

"ಕಾಲೇಜಿನ್ಯಾಗ ಹೆಸರು ಗೊತ್ತಿಲ್ಲದ ಒಬ್ಬಾಂವನ ಹೆಣದ ಕೈ ಕೊಯ್ದು ಬಿಡಿಸಿ ನಾ ಕೈ ಅಂದ್ರೇನು ಅಂತ ಕಲ್ತೇನಿ. ಅಂವನ್ನ ಕೇಳವರು ಯಾರೂ ಇರಲಿಲ್ಲ. ನಾ ಹೋದ ಮ್ಯಾಲ ನನ್ನೂ ಅಲ್ಲೇ ಕೊಡು."

"ಉಣ್ಣೂ ಮುಂದ ಇದ ಮಾತೇನ್ರಿ?" ಎಂದು ಕಾಶವ್ವ ಸಿಡಿಮಿಡಿಗೊಳ್ಳುತ್ತಿದ್ದರು. ಅವರ ಮನೆತನದಲ್ಲಿ ತೀರಿಕೊಂಡವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಲ್ವಪತ್ರೆಯ ನಡುವೆ ಮಣ್ಣು ಕೊಡುವ ಪದ್ಧತಿ. ಸಮಾಧಿಯೇ ಇಲ್ಲದ ಗಂಡನಿಗೆ ಹೂವು ಏರಿಸುವುದೆಲ್ಲಿ? ಅವರು ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೊಂದು ದಿನ, ಗಂಡನ ಹಟಕ್ಕಲ್ಲ, ಆ ಹೆಸರಿಲ್ಲದವನ ನೆನಪಿಗೆ ಕರಗಿ, ಹೂಂ ಎಂದರು. ಅದಕ್ಕೆ ಮುನಿದ ಕಾಶವ್ವನವರ ಅಣ್ಣ ರಾಮಲಿಂಗಪ್ಪ ಅಂದಿನಿಂದ ಆ ಮನೆಯ ನೀರು ಮುಟ್ಟಲಿಲ್ಲ.

ಈ ವರ್ಷದ ಮಾಘದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮುರುಗೆಪ್ಪನವರು ಕಣ್ಣು ಮುಚ್ಚಿದರು. ಮಗಳು ದೀಪಾಲಿ ಅಪ್ಪ ಓದಿದ ವೈದ್ಯಕೀಯ ಕಾಲೇಜಿಗೆ ಫೋನು ಮಾಡಿದಳು. ದೇಹದಾನ ನೋಡಿಕೊಳ್ಳುವ ಅಧ್ಯಾಪಕಿ ಸಿಂಧೂರ ಮೈಸೂರಿನ ಕಡೆಯವರು. "ತಡ ಮಾಡ್ಬೇಡಿ, ಬಿಸಿಲೇರಿದ್ರೆ ದೇಹ ಕೆಡುತ್ತೆ. ಆಮೇಲೆ ತಗೊಳ್ಳೋಕಾಗಲ್ಲ," ಎಂದರು.

ಕಾಶವ್ವ, ದೀಪಾಲಿ ಜೊತೆಗಿದ್ದ ಆಂಬುಲೆನ್ಸು ಬಂದಾಗ ಕಾಲೇಜಿನ ಗೇಟಿಗೆ ಚೆಂಡುಹೂವಿನ ಕಮಾನು ಕಟ್ಟಿತ್ತು, ಒಳಗೆ ಸನಾಯಿ ವಾದ್ಯ ನುಡಿಯುತ್ತಿತ್ತು. 'ಹಳೆಯ ವಿದ್ಯಾರ್ಥಿಗಳಿಗೆ ಸ್ವಾಗತ' ಎಂದು ಮರಾಠಿಯಲ್ಲಿ ದೊಡ್ಡಕ್ಷರ. ಹಳೆಯ ವಿದ್ಯಾರ್ಥಿಗಳು ಕಟ್ಟಿಸಿಕೊಟ್ಟ ಸಭಾಂಗಣದ ಉದ್ಘಾಟನೆ ಅಂದು. ಕಾವಲುಗಾರ ಕೈ ಅಡ್ಡ ಹಿಡಿದು, ಇಂಥ ದಿನ ಹೆಣ ಒಳಗೆ ಬಿಡುವಂತಿಲ್ಲ ಎಂದ. ಹಿಂದಿನ ಗೇಟಿಗೆ ಹೋದರೆ ಅಡುಗೆಯವರ ಟೆಂಪೊಗಳು ದಾರಿ ಕಟ್ಟಿ ನಿಂತಿದ್ದವು. ಆಂಬುಲೆನ್ಸು ಮತ್ತೆ ಕಮಾನಿನ ಕೆಳಗೇ ಬಂದು ನಿಂತಿತು.

ಒಳಗಿನಿಂದ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಡಾಕ್ಟರ್ ಮಹೇಶಕುಮಾರ ಓಡಿ ಬಂದರು. ತಲೆಯ ಮೇಲೆ ಸಮಾರಂಭಕ್ಕೆಂದು ಧರಿಸಿದ ಕೆಂಪು ಪುಣೇರಿ ಪಗಡಿ. ಮುರುಗೆಪ್ಪನವರ ಜೊತೆ ಓದಿದವರು. ಕಾಶವ್ವನವರನ್ನು ಅತ್ತಿಗೆಯೆಂದೇ ಕರೆಯುತ್ತ, ಅವರ ಶೇಂಗಾ ಹೋಳಿಗೆಯನ್ನು ಯಾವ ಹಬ್ಬದಲ್ಲೂ ತಪ್ಪಿಸದವರು.

"ವೈನಿ, ಭಾಳ ಕೆಟ್ಟಾತ್ರಿ. ಆದ್ರ ಪರದೇಶದಿಂದ ಮಂದಿ ಬಂದಾರ, ಮಂತ್ರಿಗಳು ಬರೂ ಹೊತ್ತು. ಊಟ ಮುಗೀಲಿ, ಹಿಂದಿನ ಬಾಗಿಲದಿಂದ ನಾನೇ ತರಸ್ತೀನಿ. ಶುಭ ಕಾರ್ಯದಾಗ ಹೆಣ ಎದುರು ಬಂದ್ರ..."

ಕಾಶವ್ವನವರ ಮೈಯೆಲ್ಲ ಉರಿಯಿತು. ಕುಲದ ಮಣ್ಣು ಬಿಟ್ಟು, ಒಡಹುಟ್ಟಿದವನನ್ನು ಬಿಟ್ಟು ತಂದದ್ದನ್ನು ಇವರು ಊಟವಾದ ಮೇಲೆ ನೋಡುತ್ತಾರಂತೆ!

"ಮಹೇಶಣ್ಣಾ, ಹೆಣಾ ಕೊಯ್ದೇ ನೀವೆಲ್ಲಾ ಡಾಕ್ಟರ್ ಆದವರು. ಈಗ ಹೆಣಾ ಕಂಡ್ರ ಮೈಲಿಗಿ ಆತೇನ್ರಿ? ಕಮಾನಿನ ಮ್ಯಾಲ ಏನ್ ಬರಸೀರಿ? ಇವರು ಹಳೇ ವಿದ್ಯಾರ್ಥಿ ಅಲ್ಲೇನು? ನೀವು ಕಲ್ಲು ಸಿಮೆಂಟು ಕೊಟ್ರಿ, ಕೊಡ್ರಿ. ಇವರು ತಮ್ಮ ಮೈನೇ ಕೊಟ್ಟಾರ!"

"ಸಾವಕಾಶ ಮಾತಾಡ್ರಿ ವೈನಿ, ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ. ಹದಿನೆಂಟರ ಹುಡುಗ ಇದ್ದಾಗ ಇದ ಗೇಟಿನ್ಯಾಗ ಬಂದಾರ. ಇವತ್ತೂ ಇದ ಗೇಟಿನ್ಯಾಗ ಬರ್ತಾರ."

ಹಿಂದೆ ಕಾರುಗಳ ಸಾಲು ಬೆಳೆದು ಹಾರ್ನು ಮೊಳಗಿತು. ಬಿಸಿಲು ಏರುತ್ತಿತ್ತು. ಕಾಶವ್ವ ಸೆರಗು ಬಿಗಿದುಕೊಂಡು ಆಂಬುಲೆನ್ಸಿನ ಬಾಗಿಲು ತೆರೆಸಿದರು. ವಿಭೂತಿಯ ಹಣೆ ಎಲ್ಲರಿಗೂ ಕಂಡಿತು. ಹಾರ್ನುಗಳು ಒಂದೊಂದಾಗಿ ನಿಂತವು. ಕಾರಿನಿಂದಿಳಿದ ಒಬ್ಬಿಬ್ಬರು, "ಅರೇ, ಮುರುಗ್ಯಾ!" ಎಂದವರೇ ಕೈ ಮುಗಿದರು. ಅಷ್ಟರಲ್ಲಿ ಸಿಂಧೂರ ತಾವೇ ಸ್ಟ್ರೆಚರು ತಳ್ಳಿಕೊಂಡು ಬಂದರು. ಮಹೇಶಕುಮಾರರು ತಲೆ ತಗ್ಗಿಸಿ ಅದಕ್ಕೆ ಕೈ ಹಚ್ಚಲು ಬಂದರು.

"ಆ ಪಗಡಿ ತೆಗೆದಿಟ್ಟು ಬರ್ರಿ," ಎಂದರು ಕಾಶವ್ವ.

ಅವರು ತೆಗೆದಿಟ್ಟು ಬಂದರು. ಹೂವಿನ ಕಮಾನಿನ ಕೆಳಗೆ, ಸನಾಯಿ ನಿಂತ ಮೌನದಲ್ಲಿ, ಮುರುಗೆಪ್ಪನವರು ಒಳಗೆ ಹೋದರು.

ಅಂಗರಚನಾ ವಿಭಾಗದ ಬಾಗಿಲಲ್ಲಿ ಕಾಶವ್ವ ಗಂಡನ ಬಲಗೈಯನ್ನು ಕೊನೆಯ ಸಲ ಹಿಡಿದು, ನಿಧಾನವಾಗಿ ಹೊದಿಕೆಯೊಳಗೆ ಇಟ್ಟರು. "ಈ ಕೈ ಹುಡುಗರಿಗೆ ಚೊಲೋತ್ನ್ಯಾಗ ತೋರಸವಾ," ಎಂದರು ಸಿಂಧೂರರಿಗೆ. "ಮತ್ತ ಇವರು ಯಾರು ಅಂತ ಹೆಸರೂ ಹೇಳು."

ಹೊರಗೆ ಮಹೇಶಕುಮಾರರು ಸನ್ಮಾನದ ಶಾಲು ಹಿಡಿದು, ವೇದಿಕೆಯ ಮೇಲೆ ಮುರುಗೆಪ್ಪನವರ ಬಗ್ಗೆ ಎರಡು ಮಾತು ಹೇಳಲೇ ಎಂದು ಕೇಳಿದರು. ಕಾಶವ್ವ ಮಗಳ ಕೈ ಹಿಡಿದು, ಅದೇ ಕಮಾನಿನ ಕೆಳಗಿನಿಂದ ನಡೆದು ಹೊರಟರು.