ಕಪಾಟಿನ ಬಾಗಿಲ ಮೇಲಿನ ಅರಸ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸ್ಕ್ರೂಡ್ರೈವರ್ ಹಿಡಿದಿದ್ದವನು ನಾನೇ. ಈ ಕೊಲ್ಲಿ ದೇಶದಲ್ಲಿರಲು ಪರವಾನಗಿಯಾದ ಇಕಾಮಾ ಕೈಗೆ ಬಂದ ವಾರವೇ, ಮೀನಾ ಅಬ್ದುಲ್ಲಾ ಎಂಬ ಊರಿನ ಕಾರ್ಮಿಕರ ಕ್ಯಾಂಪಿನಲ್ಲಿ ನನ್ನ ಪಾಲಿಗೆ ಬಂದಿದ್ದ ಕಬ್ಬಿಣದ ಕಪಾಟಿನ ಬಾಗಿಲಿನಿಂದ ಯಾರದೋ ಹಳೆಯ ಹೆಸರನ್ನು ಕೆರೆದುಹಾಕಿ, ಅದರ ಮೇಲೆಯೇ ನನ್ನದನ್ನು ಕೆತ್ತಿದೆ.

ಬುದ್ಧಿ ಕೊಟ್ಟವರು ನಮ್ಮ ಸ್ಟೋರ್‌ಕೀಪರ್, ಈಜಿಪ್ಟಿನವರು. ಚಹಾ ಬಿಡುವಿನಲ್ಲಿ ಅವರು ಎರಡನೇ ರಾಮ್ಸೆಸ್‌ನ ಕತೆಯನ್ನು ತಮ್ಮ ದೊಡ್ಡಪ್ಪನ ಸುದ್ದಿಯೇನೋ ಎಂಬಂತೆ ಹೇಳುತ್ತಿದ್ದರು. ಅರವತ್ತಾರು ವರ್ಷ ಆಳಿದ ಫೇರೋ ಅವನು. ಹಿಂದಿನ ಅರಸರ ವಿಗ್ರಹಗಳಿಂದ ಅವರ ಹೆಸರು ಅಳಿಸಿ ತನ್ನ ಹೆಸರು ಕೆತ್ತಿಸಿದನಂತೆ, ಅದೂ ಮುಂದೆ ಯಾರೂ ಕೆರೆಯಲಾಗದಷ್ಟು ಆಳಕ್ಕೆ. "ತೀನ್ ಹಜಾರ್ ಸಾಲ್, ಭಾಯಿ! ನಾಮ್ ಖಲಾಸ್ ನಹೀಂ!" ಮೂರು ಸಾವಿರ ವರ್ಷವಾದರೂ ಹೆಸರು ಅಳಿದಿಲ್ಲ ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದರು.

ಆ ಹೊಟ್ಟೆ, ಆ ಹಿಂದಿ ಎರಡನ್ನೂ ನಾನು ಕೋಣೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಕಾಕಾ. ಗದಗದ ಕಡೆಯ ವೆಲ್ಡರ್. ಆರು ಮಂಚದ ಆ ಕೋಣೆಯಲ್ಲಿ ಮಂಡ್ಯದವನಾದ ನನಗೆ ಕನ್ನಡದಲ್ಲಿ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ.

ಹೆಸರು ಕೆತ್ತಿದ ಸಂಜೆ ಫೇರೋನಂತೆ ಎದೆಯುಬ್ಬಿಸಿ ನಿಂತು ಕಪಾಟು ತೋರಿಸಿದೆ. ಕಾಕಾ ನಗಲಿಲ್ಲ. ಕೆರೆದ ಜಾಗದ ಮೇಲೆ ಬೆರಳಾಡಿಸಿದರು.

"ಹನ್ನೊಂದು ವರ್ಷ ನಿನ್ನ ಈ ಮಂಚದ ಮ್ಯಾಲ ಮಲಗತಿದ್ದ ನನ್ನ ದೋಸ್ತ. ಊರಿಗೆ ಹೋದಾಂವ ತೀರಿಕೊಂಡ. ಮಣ್ಣಿಗೂ ಹೋಗಾಕ ಆಗಲಿಲ್ಲ ನನಗ. ಇದೊಂದು ಉಳಿದಿತ್ತು."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಒಂಬತ್ತು ದಿನ ಮಾತಿಲ್ಲ. ಅವರನ್ನು ನಗಿಸಲು ನಾನು ಸ್ಟೋರ್‌ಕೀಪರ್ ಆದೆ, "ಯಲ್ಲಾ ಯಲ್ಲಾ" ಎಂದು ಅವಸರಪಡಿಸುವ ಬಸ್ ಡ್ರೈವರ್ ಆದೆ, ಸಾಲದ್ದಕ್ಕೆ ಕಾಕಾನಂತೆಯೇ ಕೆಮ್ಮಿದೆ. ಉಳಿದವರು ಬಿದ್ದುಬಿದ್ದು ನಕ್ಕರು. ಕಾಕಾ ಚಪಾತಿ ಮುರಿಯುತ್ತ ಕೂತಿದ್ದರು. ಕೊನೆಗೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, "ಊಟ ಆತೇನಲೇ?" ಎಂದು ಅವರ ದನಿಯಲ್ಲಿ ನಾನೇ ಕೇಳಿ, "ಆಯ್ತು ಕಾಕಾ" ಎಂದು ನಾನೇ ಉತ್ತರ ಕೊಡುವ ಸ್ಥಿತಿಗೆ ಬಂದೆ. ಗಂಟಲಲ್ಲಿ ಇಡೀ ಕ್ಯಾಂಪೇ ಇತ್ತು, ಎದುರಿಗಿದ್ದದ್ದು ನಲ್ಲಿ.

ಹತ್ತನೆಯ ದಿನ ಶುಕ್ರವಾರ, ರಜೆ. ಬಟ್ಟೆ ಒಣಹಾಕಿ ಬಂದ ಕಾಕಾನ ಮುಂದೆ ಸ್ಕ್ರೂಡ್ರೈವರ್ ಹಿಡಿದು ನಿಂತೆ. ಆಗ ಯಾರ ದನಿಯೂ ನೆರವಿಗೆ ಬರಲಿಲ್ಲ. ನನ್ನದೇ ಬಂತು. ಅದು ಅಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

"ತಪ್ಪಾಯ್ತು ಕಾಕಾ. ನನ್ ಹೆಸ್ರು ಕೆರೆದು ಅವ್ರದ್ದೇ ಬರೀತೀನಿ."

ಅವರು ಸ್ಕ್ರೂಡ್ರೈವರ್ ಕಸಿದುಕೊಂಡು, ನನ್ನ ಹೆಸರಿಗಿಂತ ಒಂದು ಗೇಣು ಮೇಲೆ ಗೆಳೆಯನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆತ್ತಿದರು. ಬಾಗಿಲ ಮೇಲಿನ ಬಣ್ಣದ ಪುಡಿಯನ್ನು ಊದಿದರು. ನನ್ನ ಹೆಸರು ಕೆರೆಯಲು ನಾನು ಕೈ ಚಾಚಿದೆ, ಸ್ಕ್ರೂಡ್ರೈವರ್ ಕೊಡಲಿಲ್ಲ.

"ಇರ್ಲಿ ಬಿಡಲೇ, ಅರಸಾ. ಆ ಫೇರೋ ಅರವತ್ತಾರು ವರ್ಷ ಆಳಿದ. ನಿನ್ನ ಇಕಾಮಾ ಎರಡ ವರ್ಷದ್ದೈತಿ."